ಹಳೆಯ ಬೈಕ್ ಕೊಳ್ಳುವವರೇ, ಮೊದಲು ಸೀಟ್ ಎತ್ತಿಸಿ

ಮಂಗಳೂರು, ಉಡುಪಿ ಕಡೆ ಹಳೆಯ ನೂರು ಸಿಸಿ ಬೈಕ್ ಹುಡುಕುತ್ತಿರುವವರು ಇದನ್ನು ಓದಿ, ಆಮೇಲೆ ದುಡ್ಡು ಎಣಿಸಿ. ನಾನು 36,000 ರೂಪಾಯಿ ಕೊಟ್ಟು ತಂದ ಗಾಡಿ ಎರಡೂವರೆ ತಿಂಗಳಿಗೆ ಕೂಳೂರು ಸೇತುವೆಯ ಹತ್ತಿರ ಸೊಂಟ ಮುರಿದುಕೊಂಡು ಕುಳಿತಿತು. ಯಾರೂ ಗುದ್ದಿರಲಿಲ್ಲ, ನಾನು ಬಿದ್ದೂ ಇರಲಿಲ್ಲ. ಗಾಡಿಯ ಭಾರ ಹೊರುವ ಚೌಕಟ್ಟು, ಚಾಸಿಸ್ಸೇ ಮುರಿದಿತ್ತು. ಎಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು.

ನನ್ನ ಮನೆ ಸುರತ್ಕಲ್‌ನಲ್ಲಿ, ಕೆಲಸ ಹಂಪನಕಟ್ಟೆಯಲ್ಲಿ. ಸಂಜೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಬಸ್ಸಿನಲ್ಲಿ ಕೊಟ್ಟಾರ ಚೌಕಿಯವರೆಗೂ ಒಂಟಿಕಾಲಿನ ತಪಸ್ಸು. ಆಗ ಹೊಸ ಬೈಕ್ ರಸ್ತೆಗಿಳಿಯುವಾಗ ತೊಂಬತ್ತು ಸಾವಿರ ದಾಟುತ್ತದೆ ಎಂದು ತಿಳಿದು ಹಳೆಯದನ್ನು ಹುಡುಕಲು ಹೊರಟೆ. 2023ರ ಮೇ ಕೊನೆಯ ವಾರ ಒಂದು ಸಿಕ್ಕಿತು: 2018ರ ನವೆಂಬರಿನಲ್ಲಿ ನೋಂದಣಿಯಾದದ್ದು, ಮಂಗಳೂರಿನ ಕೆಎ 19 ನಂಬರಿನದು, ಮೀಟರಿನಲ್ಲಿ 31 ಸಾವಿರ ಕಿಲೋಮೀಟರ್. ಯಾವ ಕಂಪೆನಿಯದೆಂದು ಬರೆಯುವುದಿಲ್ಲ, ತಪ್ಪು ಕಂಪೆನಿಯದ್ದಲ್ಲ.

ಮಾರುವವರು ಗಾಡಿಯನ್ನು ನಮ್ಮ ಮನೆಯ ಬಾಗಿಲಿಗೇ ತಂದರು. ಸೌಜನ್ಯ ಎಂದುಕೊಂಡೆ. ಓಡಿಸಿಕೊಂಡು ಬಂದ ಎಂಜಿನ್ ಬಿಸಿಯಾಗಿರುತ್ತದೆ, ತಣ್ಣಗಿರುವಾಗ ಎಷ್ಟು ಒದೆತಕ್ಕೆ ಏಳುತ್ತದೆ ಎಂಬುದು ಗೊತ್ತಾಗುವುದಿಲ್ಲ ಎಂದು ಆಗ ಹೊಳೆಯಲಿಲ್ಲ. ಹಾಗೆಂದು ನಾನು ಕಣ್ಣುಮುಚ್ಚಿ ಕೊಂಡವನೂ ಅಲ್ಲ. ಹೊಗೆ ನೋಡಿದೆ, ಚೈನ್ ಎಳೆದು ನೋಡಿದೆ. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿದೆ. ಮುಂದಿನದರಲ್ಲಿ 3818, ಅಂದರೆ 2018ರ 38ನೆಯ ವಾರ ತಯಾರಾದದ್ದು, ಹಿಂದಿನದು 2022ರದ್ದು. ಮೀಟರಿಗೂ ಟಯರಿಗೂ ಲೆಕ್ಕ ಕೂಡಿತು. ಇಷ್ಟೆಲ್ಲ ಗೊತ್ತಿದೆಯಲ್ಲ ಎಂಬ ಹೆಮ್ಮೆಯಲ್ಲಿ ಎರಡು ವಿಷಯ ಕಣ್ಣೆದುರಿಗಿದ್ದರೂ ಕಾಣಲಿಲ್ಲ. ಸೀಟಿನ ಕೆಳಗಿನ ಕೊಳವೆಗಳಲ್ಲಿ ಕಪ್ಪು ಬಣ್ಣ ಟ್ಯಾಂಕಿಗಿಂತ ಹೊಸದಾಗಿ ಹೊಳೆಯುತ್ತಿತ್ತು. ಸೀಟಿನ ಹಿಂದೆ ಕ್ಯಾರಿಯರ್ ಬಿಚ್ಚಿದ ನಾಲ್ಕು ತೂತುಗಳಿದ್ದವು. ಕೇಳಿದ್ದಕ್ಕೆ, “ಮನೆ ಸಾಮಾನು ತರಲು ಹಾಕಿಸಿದ್ದು, ನಿಮಗೆ ಬೇಡವೆಂದು ತೆಗೆದೆ” ಎಂದರು. ಎಷ್ಟು ಒಳ್ಳೆಯ ಮನುಷ್ಯ ಎನಿಸಿತು.

ಮೊದಲು ಸುಳಿವು ಕೊಟ್ಟದ್ದು ಬೆಕ್ಕು. ಗಾಡಿ ತಂದ ಮೂರನೆಯ ದಿನದಿಂದ ಪಕ್ಕದ ಮನೆಯ ಬೆಕ್ಕು ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಹಿಂದಿನ ಚಕ್ರದ ಕೆಳಗೆ ಬಂದು ಮಲಗತೊಡಗಿತು. ಆಮೇಲೆ ಎರಡಾದವು. “ನಿನ್ನ ಬೈಕಿನಲ್ಲಿ ಇವಕ್ಕೆ ಎಂತಹ ಪ್ರೀತಿ!” ಎಂದು ಅಮ್ಮ ನಕ್ಕರು. ಬಿಸಿಲಿಗೆ ನಿಂತಾಗ ಒಂದು ಹಳಸಲು ವಾಸನೆಯೂ ಬರುತ್ತಿತ್ತು. ನಮ್ಮದು ವಾರಕ್ಕೆ ನಾಲ್ಕು ದಿನ ಬಂಗುಡೆಯೋ ಬೂತಾಯಿಯೋ ಮೀನು ಬೇಯುವ ಮನೆ, ಹಾಗಾಗಿ ಅನುಮಾನವೆಲ್ಲ ಅಡುಗೆಮನೆಯ ಮೇಲೆಯೇ ಹೋಯಿತು. ಜೂನ್ ಎರಡನೆಯ ವಾರ ಮಳೆ ಹಿಡಿದ ಮೇಲೆ ವಾಸನೆ ತೊಳೆದುಹೋಯಿತು, ಬೆಕ್ಕುಗಳೂ ಹೋದವು. ನಾನು ಮರೆತೆ.

ಜುಲೈಯಲ್ಲಿ ಗಾಡಿ ಹಿಂದಿನಿಂದ ಯಾರೋ ಎಳೆದಂತೆ ಒಂದು ಕಡೆಗೆ ವಾಲತೊಡಗಿತು. ಟಯರಿನಲ್ಲಿ ಗಾಳಿ ಕಡಿಮೆ ಇರಬೇಕೆಂದು ಗಾಳಿ ತುಂಬಿಸಿದೆ. ಆಗಸ್ಟಿನ ಒಂದು ಸಂಜೆ ಕೂಳೂರಿನ ಹೊಂಡವೊಂದಕ್ಕೆ ಇಳಿದಾಗ ಕಬ್ಬು ಮುರಿದಂತೆ ಲಟಕ್ಕೆಂದಿತು. ಮರುಗಳಿಗೆ ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದದ್ದು ಪಣಂಬೂರು ಕಡೆಯ ಟ್ಯಾಂಕರ್ ಲಾರಿ. ಆ ಚಾಲಕ ಬ್ರೇಕ್ ಒತ್ತಿದ್ದರಿಂದ ಇದನ್ನು ಬರೆಯಲು ನಾನಿದ್ದೇನೆ.

ಟೆಂಪೋದಲ್ಲಿ ಹಾಕಿಸಿಕೊಂಡು ಕೊಟ್ಟಾರದ ಒಬ್ಬ ಮೆಕ್ಯಾನಿಕ್‌ನ ಬಳಿಗೆ ಹೋದೆ. ಅವರು ಸೀಟ್ ತೆಗೆದರು, ಎರಡೂ ಬದಿಯ ಕವರ್ ಬಿಚ್ಚಿದರು. ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಬಿಗಿದ ಜಾಗದಲ್ಲಿ ಕೊಳವೆ ಸೀಳಿತ್ತು. ಅವರು ನೋಡಿದ್ದು ಅದನ್ನಲ್ಲ, ಮುರಿಯದೆ ಉಳಿದ ಇನ್ನೊಂದು ಬದಿಯನ್ನು. ಅಲ್ಲಿ ಬಣ್ಣ ಹಪ್ಪಳದಂತೆ ಅಲ್ಲಲ್ಲಿ ಉಬ್ಬಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಒಂದು ಉಬ್ಬಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಬಡಿಯಲಿಲ್ಲ, ಸುಮ್ಮನೆ ಒತ್ತಿದರು. ಅದು ಒಳಗೆ ಹೋಯಿತು. ಹೊರಗೆ ಎಳೆದಾಗ ಮೆಣಸಿನ ಪುಡಿಯಂತಹ ಕೆಂಪು ಹುಡಿ ಅವರ ಅಂಗೈಗೆ ಸುರಿಯಿತು. ಅದನ್ನು ಮೂಸಿ ನೋಡಿ, “ಇದು ಮೀನಿನ ಗಾಡಿ ಮಾರಾಯ್ರೇ” ಎಂದರು.

ಮೀನುಗಾರಿಕೆ ಬಂದರಾದ ದಕ್ಕೆಯಿಂದ ಮೀನಿನ ಪೆಟ್ಟಿಗೆ ಹೊರುತ್ತಿದ್ದ ಗಾಡಿ ಅದು. ಕ್ಯಾರಿಯರ್ ಮೇಲೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮಂಜುಗಡ್ಡೆ. ಅದು ಕರಗಿ, ಮೀನಿನ ಉಪ್ಪುನೀರಿನೊಂದಿಗೆ ಸೇರಿ, ದಿನವೂ ಸೀಟಿನ ಹಿಂದಿನಿಂದ ಚಾಸಿಸ್ ಮೇಲೆ, ಶಾಕ್ ಅಬ್ಸಾರ್ಬರ್ ಮೇಲೆ, ಹಿಂದಿನ ಚಕ್ರ ಹಿಡಿದ ಸ್ವಿಂಗ್ ಆರ್ಮ್ ಮೇಲೆ ಇಳಿಯುತ್ತದೆ. ಕೊಳವೆಯ ಒಳಗೆ ಹೋದ ನೀರಿಗೆ ಒಣಗಲು ಗಾಳಿಯೂ ಇಲ್ಲ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಉಳಿದಿರುವುದು ಸಿಪ್ಪೆ. ನಮ್ಮ ಕರಾವಳಿಯಲ್ಲಿ ಮನೆಯೆದುರು ನಿಲ್ಲಿಸಿದ ಸೈಕಲ್ಲಿಗೇ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಇನ್ನು ಇದರ ಪಾಡೇನು? ಟ್ರಾಲ್ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಮೇ ಕೊನೆಯಲ್ಲಿ ಆ ಗಾಡಿ ಮಾರಾಟಕ್ಕೆ ಬಂದದ್ದೇಕೆಂದು ನನಗೆ ಹೊಳೆದದ್ದು ಆ ಅಂಗಡಿಯಲ್ಲಿ ನಿಂತಾಗ. ಮೀನು ಹೊರುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಎಷ್ಟೋ ಮನೆಗಳ ಅನ್ನ. ತೂತಿಗೆ ಪುಟ್ಟಿ ತುಂಬಿ, ಮೇಲೆ ಕಪ್ಪು ಬಳಿದು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಮಾರುವುದನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಮಾರಿದವರಿಗೆ ಫೋನ್ ಮಾಡಿದೆ. “ನೀವು ನೋಡಿಯೇ ತೆಗೆದುಕೊಂಡದ್ದಲ್ಲವೇ?” ಎಂದರು. ನೋಡಿದ್ದೆ ನಿಜ, ಅವರು ತೋರಿಸಿದ ಕಡೆಗೆ.

ಪರೀಕ್ಷಿಸುವ ಬಗೆಯನ್ನು ಆ ಮೆಕ್ಯಾನಿಕ್ಕೇ ಕಲಿಸಿದರು. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ. ಕೀಲಿಯಿಂದ ಕೊಳವೆಯನ್ನು ತಟ್ಟಿ. ಗಟ್ಟಿಯಿದ್ದರೆ ಠಣ್ ಎನ್ನುತ್ತದೆ, ತುಕ್ಕು ತಿಂದಿದ್ದರೆ ಮಣ್ಣಿನ ಗಡಿಗೆಯ ಸದ್ದು. ಸೀಟ್, ಎರಡೂ ಕವರ್ ಬಿಚ್ಚಿಸಿ ಟಾರ್ಚ್ ಹಾಕಿ ನೋಡಿ, ಸೈಡ್ ಸ್ಟ್ಯಾಂಡಿನ ಬುಡವನ್ನೂ ಪೆಟ್ರೋಲ್ ಟ್ಯಾಂಕಿನ ಒಳಗನ್ನೂ ಬಿಡಬೇಡಿ. ಬಿಚ್ಚಲು ಒಪ್ಪದವರಾದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಎಲ್ಲಕ್ಕಿಂತ ಸುಲಭದ್ದೆಂದರೆ, ಐನೂರು ರೂಪಾಯಿ ಕೊಟ್ಟು ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗುವುದು. ನಾನು ಉಳಿಸಿದ ಐನೂರರ ಕಥೆ ಇದು.

ಕಾಗದಪತ್ರಗಳದ್ದು ಬೇರೆಯೇ ಗೋಳು. ಮಾರಿದವರ ಹೆಸರು ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಇರಲೇ ಇಲ್ಲ. ಮೊದಲ ಮಾಲೀಕರು ಹೆಸರು ಬದಲಾವಣೆಯ ಖಾಲಿ ಫಾರಂ 29 ಮತ್ತು 30ಕ್ಕೆ ಹಾಕಿಕೊಟ್ಟ ಸಹಿಯನ್ನೇ ಇವರು ನನಗೆ ದಾಟಿಸಿದ್ದರು. ಎಮ್‌ಪರಿವಾಹನ್ ಎಂಬ ಸರ್ಕಾರಿ ಆ್ಯಪಿನಲ್ಲಿ ನಂಬರ್ ಹಾಕಿ ನೋಡುವ ಬುದ್ಧಿ ಬಂದದ್ದು ದುಡ್ಡು ಕೊಟ್ಟ ಮರುದಿನ. ಅದರಲ್ಲಿ ಗಾಡಿ ಸಾಲಕ್ಕೆ ಒತ್ತೆಯಿದೆ ಎನ್ನುವ ಎಚ್‌ಪಿ ಎಂಟ್ರಿ ಹಾಗೆಯೇ ಇತ್ತು. ಸಾಲ ತೀರಿತ್ತು, ಆದರೆ ಬಾಕಿ ಇಲ್ಲವೆಂಬ ಫೈನಾನ್ಸಿನವರ ಎನ್‌ಒಸಿಯನ್ನು ಆ ಎಂಟ್ರಿ ತೆಗೆಸುವ ಫಾರಂ 35ರ ಜೊತೆ ಯಾರೂ ಆರ್‌ಟಿಒಗೆ ಕೊಟ್ಟಿರಲಿಲ್ಲ. ಮೊದಲ ಮಾಲೀಕರನ್ನು ಹುಡುಕಿಕೊಂಡು ಮೂರು ಸಲ ಅಲೆದೆ. ಕಾನೂನಿನ ಪ್ರಕಾರ ಕೊಂಡವನು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ನನಗೆ ಅದು ಕೈಗೂಡಿದ್ದು ಜುಲೈಯಲ್ಲಿ. ಹೆಲ್ಮೆಟ್ ಹಾಕದ್ದಕ್ಕೆ ಬಿದ್ದಿದ್ದ ಎರಡು ಹಳೆಯ ದಂಡವನ್ನೂ ನಾನೇ ಕಟ್ಟಿದೆ. “ಇನ್ಶೂರೆನ್ಸ್ ಇದೆ” ಎಂಬ ಮಾತೂ ಅರ್ಧ ಸತ್ಯವೇ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿತ್ತಲ್ಲ, ಇದ್ದದ್ದು ಅದೊಂದೇ. ನಮ್ಮ ಗಾಡಿಗೆ ಏನಾದರೂ ಆದರೆ ಅದರಿಂದ ಚಿಕ್ಕಾಸೂ ಬರುವುದಿಲ್ಲ.

“ವೆಲ್ಡ್ ಮಾಡಿಕೊಡುತ್ತೇನೆ, ಆದರೆ ಹಿಂದೆ ಯಾರನ್ನೂ ಕೂರಿಸಬೇಡಿ” ಎಂದರು ಮೆಕ್ಯಾನಿಕ್. ಹೊಸ ಚಾಸಿಸ್ ಹಾಕಿಸೋಣವೆಂದರೆ ನಂಬರ್ ಕೊರೆದಿರುವುದೇ ಅದರ ಮೇಲೆ. ಆರ್‌ಟಿಒ ಒಪ್ಪಿಗೆ ಬೇಕು, ಖರ್ಚು ಗಾಡಿಯ ಬೆಲೆಯ ಹತ್ತಿರ ಹೋಗುತ್ತದೆ. ಆಮೇಲೆ ನಗುತ್ತಲೇ ಕೇಳಿದರು, “ಅಥವಾ ಮತ್ತೆ ಕಪ್ಪು ಹೊಡೆದು ಕೊಡಲೇ? ಮಳೆ ಮುಗಿದ ಮೇಲೆ ಇಪ್ಪತ್ತೈದಕ್ಕೆ ಹೋದೀತು.” ಒಂದು ರಾತ್ರಿ ಆ ಲೆಕ್ಕವನ್ನು ನಾನೂ ಹಾಕಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಕೊನೆಗೆ ಬಿಡಿಭಾಗದ ಲೆಕ್ಕದಲ್ಲಿ 9,000ಕ್ಕೆ ಅವರಿಗೇ ಕೊಟ್ಟೆ. ಬಳಸಲು ಬಾರದ ಗಾಡಿಯ ವಿಷಯವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಂತೆ. ಹೆಸರು ಬದಲಾಯಿಸಿಕೊಡಿ ಎಂದು ಗೋಗರೆದಿದ್ದ ಕೌಂಟರಿಗೇ, ಆ ಹೊಸ ಆರ್‌ಸಿಯನ್ನು ಹಿಡಿದುಕೊಂಡು, ರದ್ದು ಮಾಡಿಕೊಡಿ ಎಂದು ಹೋದೆ. ಅಲ್ಲಿದ್ದವರು ಕಾರ್ಡನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, “ಇದು ಮೊನ್ನೆ ಆದದ್ದಲ್ಲವೇ?” ಎಂದರು.