ತಾರಸಿಯ ಮಳೆನೀರಿಗೆ 500 ಲೀಟರಿನ ಡ್ರಮ್: ನಾಲ್ಕು ಮಳೆಗಾಲಗಳ ಬಳಕೆಯ ನಂತರ

ಬೆಂಗಳೂರಿನ ಪಶ್ಚಿಮ ಭಾಗದ ಹಳೆಯ ಬಡಾವಣೆಯೊಂದರಲ್ಲಿ, 30x40 ಸೈಟಿನಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ 2021ರ ಏಪ್ರಿಲ್‌ನಲ್ಲಿ 500 ಲೀಟರ್ ಹಿಡಿಯುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕೊಂದನ್ನು ಕೂರಿಸಿ, ತಾರಸಿಯಿಂದ ಇಳಿಯುವ ಎರಡು ಪೈಪುಗಳಲ್ಲಿ ಒಂದನ್ನು ಅದಕ್ಕೆ ತಿರುಗಿಸಿದೆವು. ಹೊಸ ಮನೆಗಳಿಗೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವೆಂದು 2009ರಲ್ಲಿ ಕಾನೂನು ತಿದ್ದುಪಡಿಯಾದಾಗ ನಮ್ಮಂಥ ಚಿಕ್ಕ ಹಳೆಯ ಮನೆಗಳು ಅದರೊಳಗೆ ಬಂದಿರಲಿಲ್ಲ. ಹೀಗಾಗಿ ಇದು ಯಾರ ಒತ್ತಾಯಕ್ಕೂ ಮಾಡಿದ ಕೆಲಸವಲ್ಲ. ನನ್ನ ಅಜ್ಜಿಯ ಊರಿನಲ್ಲಿ ಸೂರಿನ ಕೆಳಗೆ ಅಡಿಕೆ ದಂಬೆ ಕಟ್ಟಿ, ಹಂಡೆಗೆ ನೀರು ಹಿಡಿದು, ಕೊಟ್ಟಿಗೆಯ ಕೆಲಸವನ್ನೆಲ್ಲ ಅದರಲ್ಲೇ ಮುಗಿಸುತ್ತಿದ್ದರು. ಅದನ್ನು ನೋಡಿ ಬೆಳೆದ ನನಗೆ, ತಾರಸಿಯ ನೀರು ನೇರವಾಗಿ ಚರಂಡಿಗೆ ಹೋಗುವುದನ್ನು ಕಂಡಾಗಲೆಲ್ಲ ಸಂಕಟವಾಗುತ್ತಿತ್ತು.

ಟ್ಯಾಂಕ್, ಪೈಪು, ನಲ್ಲಿ, ಕಟ್ಟೆ, ಕೂಲಿ ಎಲ್ಲ ಸೇರಿ ಆಗ ಒಂಬತ್ತು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ ಖರ್ಚಾಯಿತು. ನಾಲ್ಕು ವರ್ಷ ಬಿಸಿಲಿನಲ್ಲಿ ನಿಂತರೂ ಟ್ಯಾಂಕ್ ಬಿರುಕು ಬಿಟ್ಟಿಲ್ಲ, ಬಣ್ಣ ಮಾತ್ರ ಸ್ವಲ್ಪ ಮಾಸಿದೆ. ಬೆಳಕು ಒಳಗೆ ಹೋಗದಂತಹ ಕಪ್ಪು ಬಣ್ಣವನ್ನೇ ಆರಿಸಿದ್ದರಿಂದ ಪಾಚಿಯ ಕಾಟ ಇಲ್ಲವೇ ಇಲ್ಲವೆನ್ನಬಹುದು. ಪಕ್ಕದ ಮನೆಯವರು ಇಟ್ಟಿದ್ದ ತಿಳಿ ನೀಲಿ ಬಣ್ಣದ 200 ಲೀಟರ್ ಡ್ರಮ್ಮಿನ ಒಳಗೋಡೆ ಒಂದೇ ಮಳೆಗಾಲದಲ್ಲಿ ಹಸಿರಾಯಿತು.

ಆದರೆ ಟ್ಯಾಂಕ್ ಚೆನ್ನಾಗಿದ್ದ ಮಾತ್ರಕ್ಕೆ ವ್ಯವಸ್ಥೆ ಚೆನ್ನಾಗಿರುವುದಿಲ್ಲವೆಂಬುದು ನನಗೆ ಮೊದಲ ಮಳೆಗಾಲದಲ್ಲೇ ತಿಳಿಯಿತು. ತುಂಬಿದ ಟ್ಯಾಂಕಿನ ಭಾರ ಅರ್ಧ ಟನ್ನಿಗೂ ಹೆಚ್ಚು. ನಾವು ಅದನ್ನು ಗೋಡೆಯ ಪಕ್ಕದ ನೆಲದ ಮೇಲೆ ಕಾಂಕ್ರೀಟ್ ಬ್ಲಾಕುಗಳನ್ನು ಜೋಡಿಸಿ ಕೂರಿಸಿದ್ದೆವು. ಜೂನ್ ಕಳೆಯುವಷ್ಟರಲ್ಲಿ ಒಂದು ಮೂಲೆಯ ಬ್ಲಾಕು ಎರಡು ಬೆರಳಿನಷ್ಟು ಕುಸಿದು, ಟ್ಯಾಂಕ್ ಗೋಡೆಯ ಕಡೆಗೆ ವಾಲಿತು. ನೋಡಲು ಬಂದ ಮೇಸ್ತ್ರಿ ಕಾಲಿನಿಂದ ನೆಲವನ್ನು ಒತ್ತಿ, "ಸಾರ್, ಇದು ಪಾಯ ತೆಗೆದಾಗ ತುಂಬಿಸಿದ ಮಣ್ಣು, ಭಾರ ತಡೆಯಲ್ಲ" ಎಂದರು. ಟ್ಯಾಂಕ್ ಖಾಲಿ ಮಾಡಿ, ಒಂದಡಿ ಅಗೆದು, ಜಲ್ಲಿ ಹಾಕಿ ದಮ್ಮಸ್ಸು ಮಾಡಿ, ಸೈಜುಗಲ್ಲಿನ ಕಟ್ಟೆ ಕಟ್ಟಿ, ಮೇಲೆ ಕಡಪ ಕಲ್ಲಿನ ಚಪ್ಪಡಿ ಹಾಸಿದ ಮೇಲೆ ಇಂದಿನವರೆಗೂ ಅದು ಅಲುಗಿಲ್ಲ. ಆಗಲೇ ಕಟ್ಟೆಯನ್ನು ಎರಡಡಿ ಎತ್ತರಿಸಿದ್ದು ಒಳ್ಳೆಯದಾಯಿತು, ಏಕೆಂದರೆ ನಲ್ಲಿಯ ಕೆಳಗೆ ಜರಡಿಮೂತಿಯ ಕ್ಯಾನು ನಿಲ್ಲಲು ಒಂದೂವರೆ ಅಡಿಯಾದರೂ ಬೇಕು. ಉದ್ದನೆಯ ಪೈಪು ಸಿಕ್ಕಿಸಿ ತೋಟಕ್ಕೆಲ್ಲ ನೀರು ಬಿಡಬಹುದೆಂದುಕೊಂಡರೆ ನಿರಾಶೆಯಾಗುತ್ತದೆ. ಇಷ್ಟು ಎತ್ತರದಿಂದ ಬರುವ ಒತ್ತಡಕ್ಕೆ ಇಪ್ಪತ್ತು ಅಡಿ ಪೈಪಿನ ತುದಿಯಲ್ಲಿ ನೀರು ಸಣ್ಣಗೆ ಹರಿಯುತ್ತದೆ, ಟ್ಯಾಂಕ್ ಅರ್ಧಕ್ಕಿಳಿದ ಮೇಲೆ ಅದೂ ಇಲ್ಲ.

ಎರಡನೆಯ ತೊಂದರೆ ಸೊಳ್ಳೆ. ಮುಚ್ಚಳ ಭದ್ರವಾಗಿದೆ, ನೀರು ಬೀಳುವ ಬಾಯಿಗೆ ನೈಲಾನ್ ಬಲೆ ಕಟ್ಟಿದೆ, ಇನ್ನೇನು ಭಯವೆಂದು ನಾವು ನಿಶ್ಚಿಂತರಾಗಿದ್ದೆವು. 2021ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ನಲ್ಲಿಯ ನೀರನ್ನು ಸ್ಟೀಲ್ ಲೋಟಕ್ಕೆ ಹಿಡಿದು ಬೆಳಕಿಗೆ ಓರೆಯಾಗಿಸಿ ನೋಡಿದಾಗ, ಕೂದಲೆಳೆಯಷ್ಟು ಸಣ್ಣ ಹುಳುಗಳು ಬಾಲ ಕೊಂಕಿಸುತ್ತ ಮೇಲೆ ಕೆಳಗೆ ಓಡಾಡುತ್ತಿದ್ದವು. ಹುಡುಕಿದಾಗ ತಪ್ಪು ಸಿಕ್ಕಿತು: ತುಂಬಿ ಹೆಚ್ಚಾದ ನೀರು ಹೊರಹೋಗುವ ಪೈಪಿನ ತುದಿಗೆ ನಾವು ಬಲೆ ಕಟ್ಟಿರಲಿಲ್ಲ, ಸೊಳ್ಳೆ ಆ ದಾರಿಯಿಂದ ಒಳಗೆ ಹೋಗಿ ಮೊಟ್ಟೆಯಿಟ್ಟಿತ್ತು. ಡೆಂಗಿ ಹರಡುವ ಸೊಳ್ಳೆ ಇಂತಹ ನಿಂತ ನೀರಿನಲ್ಲೇ ಮೊಟ್ಟೆಯಿಂದ ರೆಕ್ಕೆಯ ಹಂತಕ್ಕೆ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು. ಮನೆಯಲ್ಲಿ ಮಕ್ಕಳಿರುವವರು ಈ ಒಂದು ವಿಷಯದಲ್ಲಿ ನನ್ನಷ್ಟು ನಿಶ್ಚಿಂತರಾಗಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಂದು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಎರಡೂ ಬಾಯಿಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬಿಗಿದೆವು. ಅದರ ನಂತರವೂ ಪ್ರತಿ ಭಾನುವಾರ ಲೋಟದ ಪರೀಕ್ಷೆ ನಡೆದೇ ಇದೆ, ಹುಳು ಮತ್ತೆ ಕಂಡಿಲ್ಲ.

ಟ್ಯಾಂಕ್ ಕೊಳ್ಳುವವರೆಲ್ಲರೂ ಎಷ್ಟು ನೀರು ಹಿಡಿಯುತ್ತದೆಂದು ಕೇಳುತ್ತಾರೆ, ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕೆಂದು ಕೇಳುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಟ್ಯಾಂಕಿಗೆ ಇಳಿಯುವುದು ತಾರಸಿಯ ಅರ್ಧಭಾಗದ, ಅಂದರೆ ಸುಮಾರು 42 ಚದರ ಮೀಟರಿನ ನೀರು. ನೆಲ ಹೀರುವುದು, ಆವಿಯಾಗುವುದು ಕಳೆದರೂ 14 ಮಿಲಿಮೀಟರಿನ ಒಂದು ಸಾಧಾರಣ ಮಳೆಗೆ 500 ಲೀಟರ್ ತುಂಬಿಬಿಡುತ್ತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಸುರಿಯಿತಲ್ಲ, ಆ ದಿನ ಈ ಒಂದು ಪೈಪಿನಲ್ಲಿ ಇಳಿದದ್ದು 4,000 ಲೀಟರಿಗೆ ಕಡಿಮೆಯಿರಲಾರದು. ಅದರಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ ಟ್ಯಾಂಕಿನಲ್ಲಿ ಉಳಿಯಿತು. ಆರಂಭದಲ್ಲಿ ನಮ್ಮ ಪ್ಲಂಬರ್ ಹೊರಹೋಗುವ ದಾರಿಗೆ ಒಂದಿಂಚಿನ ಪೈಪು ಇಟ್ಟಿದ್ದರು. ಒಳಬರುವುದು ನಾಲ್ಕಿಂಚಿನದು. ಜೋರು ಮಳೆಯಲ್ಲಿ ನೀರು ಮುಚ್ಚಳದ ಅಂಚಿನಿಂದ ಉಕ್ಕಿ ಅಡುಗೆಮನೆಯ ಗೋಡೆಯನ್ನು ನೆನೆಸಿ, ಒಳಗಡೆ ಸುಣ್ಣ ಉಬ್ಬಿ ಉದುರಿತು. ಈಗ ಹೊರದಾರಿಯೂ ನಾಲ್ಕಿಂಚಿನದೇ ಆಗಿದ್ದು, ಗೇಟಿನ ಬಳಿ ತೋಡಿಸಿದ ಇಂಗುಗುಂಡಿಗೆ ಸೇರುತ್ತದೆ. ಗುಂಡಿ ಎಷ್ಟು ಆಳವಿರಬೇಕು, ಒಳಗೆ ಏನು ತುಂಬಬೇಕೆಂಬುದನ್ನು ಜಯನಗರದಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನಕ್ಕೆ ಹೋಗಿ ಮಾದರಿಗಳನ್ನು ನೋಡಿ ತಿಳಿದುಕೊಂಡೆ. ಟ್ಯಾಂಕ್ ಕೊಳ್ಳುವ ಮೊದಲೇ ಹೋಗಿದ್ದರೆ ಗೋಡೆ ಉಳಿಯುತ್ತಿತ್ತು.

ನೀರಿನ ಗುಣದ ಬಗ್ಗೆ ನನಗೆ ಸಂಪೂರ್ಣ ತೃಪ್ತಿಯಿದೆ. ಬೋರ್‌ವೆಲ್ ನೀರು ಹಾಕುತ್ತಿದ್ದ ಕಾಲದಲ್ಲಿ ನಮ್ಮ ಮಣ್ಣಿನ ಕುಂಡಗಳ ಅಂಚಿಗೆಲ್ಲ ಬಿಳಿಯ ಸುಣ್ಣದ ಪೊರೆ ಕಟ್ಟುತ್ತಿತ್ತು, ಉಗುರಿನಿಂದ ಕೆರೆದರೆ ಹಪ್ಪಳದಂತೆ ಏಳುತ್ತಿತ್ತು. ಮಳೆನೀರಿಗೆ ಬದಲಾಯಿಸಿದ ಮೇಲೆ ಹೊಸ ಕುಂಡಗಳಲ್ಲಿ ಅದು ಕಾಣಿಸಿಕೊಂಡಿಲ್ಲ. ಹಳದಿಗೆ ತಿರುಗಿದ್ದ ಮಲ್ಲಿಗೆಯ ಎಲೆ ಎರಡನೆಯ ವರ್ಷ ಕಡುಹಸಿರಾಯಿತು. ಆ ವರ್ಷ ಗೊಬ್ಬರವನ್ನೂ ಬದಲಿಸಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ನೀರಿಗೇ ಕೊಡಲಾರೆ. ತಾರಸಿಯಲ್ಲಿ ಪಾರಿವಾಳಗಳು ಕೂರುವುದರಿಂದ ಈ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದಿಲ್ಲ. ಹರಿವೆ, ಬಸಳೆಯಂತಹ ಸೊಪ್ಪಿಗೂ ಎಲೆಯ ಮೇಲೆ ಸುರಿಯದೆ ಬುಡಕ್ಕೇ ಹಾಕುತ್ತೇವೆ.

ಮಿತಿಯನ್ನೂ ಹೇಳಬೇಕು. ನಮ್ಮ ಕೈತೋಟಕ್ಕೆ ದಿನಕ್ಕೆ ಸುಮಾರು 40 ಲೀಟರ್ ಬೇಕು, ಆದ್ದರಿಂದ ತುಂಬಿದ ಟ್ಯಾಂಕ್ ಹನ್ನೆರಡು ದಿನ ಬರುತ್ತದೆ. ಭರಣಿ ಮಳೆಯಿಂದ ಸ್ವಾತಿ ಮಳೆಯವರೆಗೆ, ಎರಡು ಮಳೆಗಳ ನಡುವಿನ ಬಿಡುವನ್ನು ಅದು ನೆಮ್ಮದಿಯಿಂದ ದಾಟಿಸುತ್ತದೆ. ಬೇಸಿಗೆಯನ್ನು ದಾಟಿಸುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ, ನಿಜವಾಗಿ ಬೇಕಾದ ಹೊತ್ತಿಗೆ ಟ್ಯಾಂಕ್ ಒಣಗಿ ನಿಂತಿತ್ತು. ಅಕ್ಕಿ, ತರಕಾರಿ ತೊಳೆದ ನೀರಿನಲ್ಲಿ ಕರಿಬೇವು, ಮಲ್ಲಿಗೆ, ದೊಡ್ಡಪತ್ರೆ ಉಳಿಸಿಕೊಂಡೆವು, ಉಳಿದವು ಹೋದವು. ಏಪ್ರಿಲ್ ಪೂರ್ತಿ ಹನಿ ಬೀಳದೆ, ಮೇ ತಿಂಗಳಲ್ಲಿ ಮಳೆ ಬಂದ ರಾತ್ರಿ ಪೈಪಿನೊಳಗೆ ನೀರು ಇಳಿಯುವ ಸದ್ದು ಕೇಳಲು ಮನೆಯವರೆಲ್ಲ ಹಿತ್ತಲಿನ ಬಾಗಿಲಲ್ಲಿ ನಿಂತಿದ್ದೆವು.

ವರ್ಷದ ನಿರ್ವಹಣೆ ಹೆಚ್ಚೇನಿಲ್ಲ. ಏಪ್ರಿಲ್ ಮೊದಲ ವಾರ ಟ್ಯಾಂಕ್ ತೊಳೆಯುವಾಗ ತಳದಲ್ಲಿ ಒಂದಿಂಚಿನಷ್ಟು ಕಪ್ಪು ಗೋಡು ಸಿಗುತ್ತದೆ, ಅದನ್ನು ಗಿಡಗಳಿಗೇ ಹಾಕುತ್ತೇವೆ. ನಲ್ಲಿಯ ವಾಷರನ್ನು ಎರಡು ಸಲ ಬದಲಾಯಿಸಿದ್ದೇವೆ. ಬೀದಿಯ ಹೊಂಗೆಯ ಹೂವು ತಾರಸಿಗೆ ಉದುರುವ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಗುಡಿಸದಿದ್ದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಬಹಳ ದಿನಗಳ ನಂತರ ಬರುವ ಮೊದಲ ಮಳೆಯ ನೀರನ್ನು ಪೈಪಿನ ಕೆಳಗಿನ ಮುಚ್ಚಳ ಬಿಚ್ಚಿ ಹೊರಗೆ ಬಿಡುತ್ತೇವೆ.

ಈ ವರ್ಷ ತಾರಸಿಯ ಎರಡನೆಯ ಪೈಪಿಗೆ 1,000 ಲೀಟರಿನ ಇನ್ನೊಂದು ಟ್ಯಾಂಕ್ ಕೂರಿಸುತ್ತಿದ್ದೇವೆ. ಕಟ್ಟೆಯ ಕೆಲಸ ಕಳೆದ ವಾರ ಮುಗಿಯಿತು, ಹೊರದಾರಿಗೆ ನಾಲ್ಕಿಂಚಿನ ಪೈಪನ್ನು ನಾನೇ ಅಂಗಡಿಗೆ ಹೋಗಿ ತಂದಿಟ್ಟಿದ್ದೇನೆ.