ಇಂಗ್ಲಿಷ್ ವ್ಯಾಕರಣದ ಒಂದು ಪ್ರಶ್ನೆ, ಮೂರು ಕಾರ್ಪಸ್‌ಗಳು

‘ನಾನಾಗಿದ್ದರೆ’ ಎಂದು ಊಹಿಸಿ ಹೇಳುವಾಗ ‘ಇಫ್ ಐ ವರ್’ ಸರಿಯೋ ‘ಇಫ್ ಐ ವಾಸ್’ ಸರಿಯೋ ಎಂಬ ತಕರಾರನ್ನು ವ್ಯಾಕರಣ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ. ಜನ ನಿಜವಾಗಿ ಬರೆಯುವುದು ಏನು ಎಂದು ನೋಡಲು ಇದನ್ನೇ ಮೂರು ಕಾರ್ಪಸ್‌ಗಳಲ್ಲಿ, ಅಂದರೆ ಜನರ ನಿಜವಾದ ಬರಹ, ಮಾತುಗಳ ದೊಡ್ಡ ಸಂಗ್ರಹಗಳಲ್ಲಿ, ಹುಡುಕಿದೆ. ನನ್ನ ಮತ ಕೋಕಾಕ್ಕೆ, ಅಂದರೆ ಸಮಕಾಲೀನ ಅಮೆರಿಕನ್ ಇಂಗ್ಲಿಷಿನ ಕಾರ್ಪಸ್‌ಗೆ.

ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ವ್ಯೂವರ್ ಎಲ್ಲಕ್ಕಿಂತ ಚುರುಕು. ಖಾತೆ ಬೇಕಿಲ್ಲ, ಎರಡು ಪದಗುಚ್ಛಗಳನ್ನು ಟೈಪ್ ಮಾಡಿದರೆ ಪುಸ್ತಕಗಳಲ್ಲಿ ಅವುಗಳ ಬಳಕೆಯ ಶತಮಾನಗಳ ಏರಿಳಿತ ಗೆರೆಯಾಗಿ ಮೂಡುತ್ತದೆ. ಆದರೆ ಆ ಗೆರೆಯನ್ನು ಹಾಗೆಯೇ ನಂಬಿದರೆ ಕೆಟ್ಟಿತು. ‘ಹೀ ಆಸ್ಕ್ಡ್ ಇಫ್ ಐ ವಾಸ್ ರೆಡಿ’ ಎಂಬ ವಾಕ್ಯದಲ್ಲಿರುವುದು ಪರೋಕ್ಷ ಪ್ರಶ್ನೆ, ಊಹೆಯ ಷರತ್ತಲ್ಲ. ಅಲ್ಲಿ ‘ವರ್’ಗೆ ಜಾಗವೇ ಇಲ್ಲ. ಎನ್‌ಗ್ರಾಮ್ ಅದನ್ನೂ ‘ವಾಸ್’ ಲೆಕ್ಕಕ್ಕೆ ಸೇರಿಸುತ್ತದೆ. ‘ಇಫ್ ಐ ವರ್ ಯು’, ‘ಇಫ್ ಐ ವಾಸ್ ಯು’ ಎಂದು ಬಿಗಿಗೊಳಿಸಿದರೆ ಚಿತ್ರ ಸ್ವಲ್ಪ ತಿಳಿಯಾಗುತ್ತದೆ. ಐದು ಪದಗಳಿಗಿಂತ ಉದ್ದದ ಗುಚ್ಛವನ್ನು ಮಾತ್ರ ಅದು ಸ್ವೀಕರಿಸುವುದಿಲ್ಲ.

ಮಾರ್ಕ್ ಡೇವಿಸ್ ಕಟ್ಟಿದ ಕೋಕಾದಲ್ಲಿ 1990ರಿಂದ 2019ರವರೆಗಿನ ಅಮೆರಿಕನ್ ಇಂಗ್ಲಿಷಿನ 100 ಕೋಟಿಗೂ ಹೆಚ್ಚು ಪದಗಳಿವೆ. ಇಲ್ಲಿ ವಾಕ್ಯಗಳೇ ಕಣ್ಣೆದುರು ಬರುತ್ತವೆ: ಹುಡುಕಿದ ಪದ ನಡುವೆ, ಅಕ್ಕಪಕ್ಕ ಅದರ ಸಂದರ್ಭ. ಎಡಗಡೆಯ ಪದದ ಪ್ರಕಾರ ಜೋಡಿಸಿದರೆ ‘ಆಸ್ಕ್ಡ್ ಇಫ್’, ‘ವಂಡರ್ಡ್ ಇಫ್’ ಎಲ್ಲ ಒಂದೆಡೆ ಗುಂಪಾಗುತ್ತವೆ. ಅವನ್ನು ಬದಿಗಿಟ್ಟು ಉಳಿದದ್ದನ್ನು ಓದಬಹುದು. ‘ಆಸ್ಕ್’ ಅನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಆ ಕ್ರಿಯಾಪದದ ಎಲ್ಲ ರೂಪಗಳೂ ಒಟ್ಟಿಗೆ ಸಿಗುತ್ತವೆ. ಕಾದಂಬರಿ, ಪತ್ರಿಕೆ, ಸಂಶೋಧನಾ ಬರಹ, ಟಿವಿ ಸಂಭಾಷಣೆಗಳ ಅಂಕಿಗಳು ಬೇರೆಬೇರೆಯಾಗಿಯೇ ಕಾಣುತ್ತವೆ. ವ್ಯಾಕರಣದ ಅರ್ಧ ಜಗಳ ಇಲ್ಲೇ ಇತ್ಯರ್ಥ: ಮಾತಿಗೆ ಒಪ್ಪುವುದು ಪ್ರಬಂಧಕ್ಕೆ ಒಪ್ಪಬೇಕೆಂದಿಲ್ಲ. ಖಾತೆ ತೆರೆಯಬೇಕು, ಉಚಿತ ಬಳಕೆಗೆ ದಿನದ ಮಿತಿಯೂ ಇದೆ. ಅದೇನೂ ದೊಡ್ಡ ತೊಡಕಲ್ಲ.

ಬ್ರಿಟಿಷ್ ಬಳಕೆಗೆ ಬಿಎನ್‌ಸಿ, ಅಂದರೆ ಬ್ರಿಟಿಷ್ ನ್ಯಾಷನಲ್ ಕಾರ್ಪಸ್. ಅದರಲ್ಲಿರುವುದು 10 ಕೋಟಿ ಪದ. ಪಠ್ಯಗಳು 1990ರ ದಶಕದ ಆರಂಭಕ್ಕೇ ನಿಂತುಹೋಗುವುದರಿಂದ ಇಂದಿನ ಬಳಕೆ ಸಿಗದು. ಆದರೂ ಅದರ ಆಡುಮಾತಿನ ಭಾಗ ನನಗೆ ಬಹಳ ಇಷ್ಟ. ಕೋಕಾದ ಆಡುಮಾತು ಟಿವಿ ಮತ್ತು ರೇಡಿಯೋ ಕಾರ್ಯಕ್ರಮಗಳದ್ದು. ಬಿಎನ್‌ಸಿಗಾದರೋ ಸಾಮಾನ್ಯ ಜನರೇ ರೆಕಾರ್ಡರ್ ಹೊತ್ತು ತಮ್ಮ ನಿತ್ಯದ ಹರಟೆಯನ್ನು ದಾಖಲಿಸಿಕೊಟ್ಟಿದ್ದಾರೆ. ಕೋಕಾ ಇರುವ ತಾಣದಲ್ಲೇ ಬಿಎನ್‌ಸಿಯೂ ತೆರೆದುಕೊಳ್ಳುವುದರಿಂದ ಅದೇ ಹುಡುಕಾಟವನ್ನು ಅಲ್ಲೂ ನಡೆಸಬಹುದು. ಹೋಲಿಸುವಾಗ ಒಟ್ಟು ಸಂಖ್ಯೆಯನ್ನು ಬಿಟ್ಟು, ಹತ್ತು ಲಕ್ಷ ಪದಗಳಿಗೆ ಎಷ್ಟು ಎಂಬ ಅಂಕಣವನ್ನೇ ನೋಡಬೇಕು.