ಐರನ್ ಮೇಡನ್ ಬ್ಯಾಂಡಿನ 2007ರ ‘ಒರಿಜಿನಲ್’ ಟಿ-ಶರ್ಟ್ ಅಂತ ಯಾರಾದ್ರೂ ಮಾರೋಕೆ ಬಂದ್ರೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡ್ತೇನೆ. ಹೋಗಿದ್ದು 6,800 ರೂಪಾಯಿ. ಒಂದು ಟಿ-ಶರ್ಟಿಗೆ. ಹೌದು, ಒಂದೇ ಒಂದು ಟಿ-ಶರ್ಟಿಗೆ. ಹೆಂಡತಿಗೆ 1,800 ಅಂತ ಹೇಳಿದ್ದೇನೆ, ಹಾಗಾಗಿ ಈ ಬರಹ ಅವಳ ಕಣ್ಣಿಗೆ ಬೀಳದಿದ್ದರೆ ಮನೆಗೆ ಒಳ್ಳೆಯದು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆದರೆ ಅದೇ ಟಿ-ಶರ್ಟನ್ನು ನನಗೆ ಮಾರಿದವನು ಇವತ್ತೂ ಮಾರುತ್ತಿದ್ದಾನೆ. ಅದಕ್ಕೇ ಮಾನ ಬಿಟ್ಟು ಬರೆಯುತ್ತಿದ್ದೇನೆ.

6,800 ಕೊಡುವಂಥದ್ದು ಏನಿತ್ತು ಅಂತೀರಾ? 2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನ. ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಭಾರತಕ್ಕೆ ಬಂದು ನುಡಿಸಿದ್ದು ಅದೇ ಮೊದಲು. ನಾನಾಗ ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ, ಪರೀಕ್ಷೆ ತಲೆ ಮೇಲಿತ್ತು. ಹೋಗ್ಲಾ ಅಂತ ಕೇಳಿದ್ದಕ್ಕೆ ಅಪ್ಪ ಬಾಯಿ ಕೂಡ ತೆಗೆಯಲಿಲ್ಲ, ಕನ್ನಡಕದ ಮೇಲಿಂದ ಒಂದು ಸಲ ನೋಡಿದರು. ಅಷ್ಟೇ. ಬೆಂಗಳೂರಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪನ ಮಗ, ನಮ್ಮಣ್ಣ, ಹೋಗಿ ಬಂದ. ಎರಡು ಮೂರು ದಿನಕ್ಕೇ ಯುಗಾದಿ. ಹಬ್ಬಕ್ಕೆ ಊರಿಗೆ ಬಂದವನ ಮೈ ಮೇಲೆ ಕರೀ ಟಿ-ಶರ್ಟು, ಅದರ ತುಂಬಾ ಎಡ್ಡಿ. ಗೊತ್ತಿಲ್ಲದವರಿಗೆ, ಎಡ್ಡಿ ಅಂದ್ರೆ ಆ ಬ್ಯಾಂಡಿನ ಗೊಂಬೆ, ಅಸ್ಥಿಪಂಜರದಂಥ ಮುಖದವನು, ಡೆರೆಕ್ ರಿಗ್ಸ್ ಅನ್ನುವ ಕಲಾವಿದ ಬರೆದದ್ದು. ಅಜ್ಜಿ ಬೇವು-ಬೆಲ್ಲದ ಬಟ್ಟಲು ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. “ವರ್ಷದ ಮೊದಲ ದಿನ ಕರೀ ಅಂಗಿ, ಅದರ ಮೇಲೆ ದೆವ್ವ ಬೇರೆ, ಬಿಚ್ಚೋ ಮೊದಲು” ಅಂದರು. ಅಣ್ಣ ಬಿಚ್ಚಲಿಲ್ಲ. ಅವತ್ತು ಅವನನ್ನು ನೋಡಿ ನನಗಾದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಆಮೇಲೆ 2009ರ ಫೆಬ್ರವರಿಯಲ್ಲಿ ಅವರು ಮತ್ತೆ ಅರಮನೆ ಮೈದಾನಕ್ಕೇ ಬಂದರು, ಆಗ ನಾನು ಹೋದೆ. 2011ರಲ್ಲಿ ಮೆಟಾಲಿಕಾ ಬ್ಯಾಂಡಿನ ಶೋಗೂ ಹೋದೆ, ಕೆಸರಲ್ಲಿ ಶೂ ಹಾಳಾಯ್ತು. ಆದರೂ ಮೊದಲನೆಯದು ಮೊದಲನೆಯದೇ, ಅಲ್ವಾ? ನಮ್ಮ ಗುಂಪಲ್ಲಿ 2007 ಅಂದ್ರೆ ಸಾಕು, ಎಲ್ಲರೂ ಸುಮ್ಮನಾಗಿ ಕೇಳ್ತಾರೆ. ಟೂರ್ ಟಿ-ಶರ್ಟಿನ ಮಹಿಮೆಯೇ ಅದು. ಎದೆ ಮೇಲೆ ಚಿತ್ರ, ಬೆನ್ನ ಮೇಲೆ ಊರು, ತಾರೀಕುಗಳ ಪಟ್ಟಿ. ಹಾಕಿಕೊಂಡವನು ‘ನಾನಿದ್ದೆ’ ಅಂತ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ನಾನು ಆ ಶೋದಲ್ಲಿ ಇರಲಿಲ್ಲ. ಇದ್ದವನ ಹಾಗೆ ಕಾಣೋದಕ್ಕೆ ದುಡ್ಡು ಕೊಟ್ಟೆ. ಸರಿ, ಮುಂದಕ್ಕೆ ಹೋಗೋಣ.

ನಕಲಿ ಟಿ-ಶರ್ಟ್ ಅಂದ್ರೆ ನನಗೆ ಮಡಿ ಮೈಲಿಗೆ ಏನೂ ಇಲ್ಲ. ನಮ್ಮಲ್ಲಿ ಎಷ್ಟು ಜನರ ಮೊದಲ ಬ್ಯಾಂಡ್ ಟಿ-ಶರ್ಟ್ ಒರಿಜಿನಲ್ ಆಗಿತ್ತು, ಹೇಳಿ ನೋಡೋಣ. ನನ್ನದು ಮೆಜೆಸ್ಟಿಕ್ ಫುಟ್‌ಪಾತಿನ ಮೆಟಾಲಿಕಾ, 120 ರೂಪಾಯಿ. “ಒಗೆದ್ರೆ ಹೋಗುತ್ತಾ ಅಣ್ಣಾ?” ಅಂದ್ರೆ “ಹೋಗುತ್ತೆ ಸಾರ್” ಅಂದಿದ್ದ ಮಾರುವವನು. ಮೂರು ಒಗೆತಕ್ಕೆ ಹೋಯ್ತು. ಅದರಲ್ಲಿ ಮೋಸ ಎಲ್ಲಿದೆ? ಹಾಗೇ ಮಾಲುಗಳಲ್ಲಿ ರಮೋನ್ಸ್ ಬ್ಯಾಂಡಿನ ಲೋಗೋ ಹಾಕಿಕೊಂಡು ಓಡಾಡುವ ಹುಡುಗರ ಮೇಲೂ ಸಿಟ್ಟಿಲ್ಲ. ಅದನ್ನು ಬರೆದ ಆರ್ಟುರೊ ವೇಗಾ ಯಾರು ಅಂತ ಗೊತ್ತಿಲ್ಲದಿದ್ದರೂ ಲೋಗೋ ಚೆನ್ನಾಗಿದೆ, ಹಾಕ್ಕೊಳ್ಳಲಿ ಬಿಡಿ. ‘ಮೂರು ಹಾಡಿನ ಹೆಸರು ಹೇಳು’ ಅಂತ ಅಡ್ಡ ಹಾಕುವವರ ಪೈಕಿ ನಾನಲ್ಲ. ನನ್ನ ಸಿಟ್ಟು ಹೊಸ ಬಟ್ಟೆಗೆ ಹಳೇ ಕಥೆ ಅಂಟಿಸಿ ಮಾರುವವನ ಮೇಲೆ.

ಇನ್‌ಸ್ಟಾದಲ್ಲಿ ಸಿಕ್ಕ. ಹಳೇ ಬ್ಯಾಂಡ್ ಟಿ-ಶರ್ಟ್ ಮಾತ್ರ ಮಾರುವ ಪೇಜು. ಫೋಟೋಗಳು ಭಾರೀ ಚೆಂದ, ಮರದ ಹ್ಯಾಂಗರು, ಹಿಂದೆ ಮಾಸಿದ ಗೋಡೆ. ‘ಐರನ್ ಮೇಡನ್, ಬೆಂಗಳೂರು 2007, ಒರಿಜಿನಲ್, ಒಂದೇ ಪೀಸ್’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದ. ನೋಡಿದ ಕೂಡಲೇ ಎದೆ ಡವಡವ. ಮೆಸೇಜ್ ಹಾಕಿದೆ. ಎರಡೇ ನಿಮಿಷಕ್ಕೆ ಉತ್ತರ, ಅದೂ ಕನ್ನಡದಲ್ಲಿ. “ಬ್ರೋ ನೀವು ಕನ್ನಡದವರಾ? ಹಂಗಾದ್ರೆ ನಿಮಗೇ ಕೊಡ್ತೀನಿ, ಡೆಲ್ಲಿಯಿಂದ ಒಬ್ರು ಕೇಳ್ತಾ ಇದ್ರು.” ಈ ಡೆಲ್ಲಿಯವರು ಯಾವಾಗಲೂ ಇರ್ತಾರೆ, ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ ಬಿದ್ದೆ.

ಕುತ್ತಿಗೆ ಹತ್ತಿರ ಟ್ಯಾಗ್ ಯಾಕಿಲ್ಲ ಅಂತ ಕೇಳಿದೆ. “ಹಳೇದಲ್ವಾ ಬ್ರೋ, ಚುಚ್ಚುತ್ತೆ ಅಂತ ಆಗ ಎಲ್ರೂ ಕತ್ತರಿಸ್ತಿದ್ರು.” ಒಪ್ಪಿಕೊಂಡೆ, ನಾನೂ ಕತ್ತರಿಸ್ತಿದ್ದೆ. ಕೆಳಗೆ ಕಾಪಿರೈಟ್ ಸಾಲು, ಇಸವಿ ಇದೆಯಾ? “ಮಾಸಿದೆ ಬ್ರೋ.” ಆಮೇಲೆ ಅವನಾಗಿಯೇ ತೋಳಿನ ಅಂಚಿನ ಫೋಟೋ ಕಳಿಸಿದ. “ಸಿಂಗಲ್ ಸ್ಟಿಚ್ ನೋಡಿ ಬ್ರೋ, ಗೊತ್ತಿರೋರಿಗೆ ಗೊತ್ತಾಗುತ್ತೆ.” ಗೊತ್ತಿರೋರಿಗೆ! ಆ ಒಂದು ಮಾತಿಗೆ ನಾನು ಕರಗಿ ನೀರಾದೆ. ಸಿಂಗಲ್ ಸ್ಟಿಚ್ ಅಂದ್ರೆ ತೋಳಿಗೂ ಕೆಳಗಿನ ಅಂಚಿಗೂ ಒಂದೇ ಸಾಲು ಹೊಲಿಗೆ, ಅದಿದ್ದರೆ ಹಳೇದು ಅಂತ ಎಲ್ಲೋ ಓದಿದ್ದೆ. ಪೂರ್ತಿ ಓದಿರಲಿಲ್ಲ. ಅಮೆರಿಕದ ಹಳೇ ಟಿ-ಶರ್ಟುಗಳ ಲಕ್ಷಣ ಅದು, 1990ರ ದಶಕದ ಮಧ್ಯದ ಹೊತ್ತಿಗೇ ಹೆಚ್ಚಿನ ಕಂಪನಿಗಳು ಎರಡು ಸಾಲಿನ ಹೊಲಿಗೆಗೆ ಬದಲಾಗಿದ್ದವು. ಅಂದರೆ 2007ರದ್ದು ಅಂತ ಹೇಳುವ ಬಟ್ಟೆಯಲ್ಲಿ ಸಿಂಗಲ್ ಸ್ಟಿಚ್ ಕಂಡರೆ ಅನುಮಾನ ಜಾಸ್ತಿ ಆಗಬೇಕಿತ್ತು. ನನಗೆ ಖುಷಿ ಜಾಸ್ತಿ ಆಯ್ತು. ಯುಪಿಐನಲ್ಲಿ ಅಲ್ಲೇ ಪೂರ್ತಿ ದುಡ್ಡು ಹಾಕಿದೆ. ಚೌಕಾಸಿ ಕೂಡ ಮಾಡಲಿಲ್ಲ. ಸೊಪ್ಪು ಮಾರುವ ಅಜ್ಜಿ ಹತ್ತಿರ ಐದು ರೂಪಾಯಿಗೆ ಜಗಳ ಆಡುವ ಮನುಷ್ಯ ನಾನು.

ಪಾರ್ಸೆಲ್ ಬಂತು. ಬಟ್ಟೆ ಮೆತ್ತಗಿತ್ತು, ಬಣ್ಣ ಮಾಸಿತ್ತು, ಕಾಲರ್ ಅಲ್ಲಲ್ಲಿ ಹರಿದಿತ್ತು. ಎಡ್ಡಿಯ ಮುಖದ ಮೇಲೆ ಸಣ್ಣ ಸಣ್ಣ ಬಿರುಕು. ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ಆ ಭಾನುವಾರ ಹಾಕಿಕೊಂಡು ನೇರ ರಾಜಾಜಿನಗರಕ್ಕೆ, ಅಣ್ಣನ ಮನೆಗೆ ಹೋದೆ. ಎಷ್ಟೋ ವರ್ಷದ ಹೊಟ್ಟೆಕಿಚ್ಚಿಗೆ ಅವತ್ತು ಸಮಾಧಾನ ಸಿಗಬೇಕಿತ್ತು.

ಬಾಗಿಲು ತೆಗೆದವನೇ ಅಣ್ಣ “ಏಯ್, ಇದೆಲ್ಲಿ ಸಿಕ್ತೋ!” ಅಂದ. ನಿಜವಾಗಿ ಖುಷಿಪಟ್ಟ, ಪಾಪ. ಅತ್ತಿಗೆಯನ್ನು ಕರೆದು ತೋರಿಸಿದ. ತಿರುಗು ಅಂದ, ತಿರುಗಿದೆ. ಬೆನ್ನ ಮೇಲಿನ ಪಟ್ಟಿ ಓದುತ್ತಾ ಬೆರಳು ಕೆಳಗೆ ಬರುತ್ತಿದ್ದದ್ದು ಗೊತ್ತಾಗುತ್ತಿತ್ತು. ಬೆರಳು ಒಂದು ಕಡೆ ನಿಂತಿತು. ಆಮೇಲೆ ಮಾತಿಲ್ಲ.

“ಏನೋ ಇದು, ಬೆಂಗಳೂರು ಅಂತಿದೆಯಲ್ಲೋ.”

“ಮತ್ತೆ? ಬೆಂಗಳೂರಲ್ಲೇ ತಾನೇ ಆಗಿದ್ದು.”

“ಇಂಗ್ಲಿಷಲ್ಲಿ ಬೆಂಗಳೂರು ಅಂತಿದೆ ಕಣೋ. ಆಗ ಬ್ಯಾಂಗಲೋರ್ ಅಲ್ವಾ?”

ನನ್ನ ಬೆನ್ನು ನನಗೆ ಕಾಣಲ್ಲ. ಒಳಗೆ ಹೋಗಿ ಬಿಚ್ಚಿ ನೋಡಿದೆ. ಬಿ, ಇ, ಎನ್, ಜಿ, ಎ, ಎಲ್, ಯು, ಆರ್, ಯು. ಇಂಗ್ಲಿಷಿನಲ್ಲೂ ಹಾಗೆ ಬರೆಯಬೇಕು ಅಂತ ಅಧಿಕೃತವಾಗಿ ಜಾರಿಗೆ ಬಂದದ್ದು 2014ರ ನವೆಂಬರ್ 1ಕ್ಕೆ. ರಾಜ್ಯೋತ್ಸವದ ದಿನ. ಆ ದಿನ ಆಫೀಸಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದವನು ನಾನೇ! ಅದಕ್ಕೂ ಏಳು ವರ್ಷ ಮುಂಚೆ ಇಂಗ್ಲೆಂಡಿನ ಒಂದು ಬ್ಯಾಂಡಿನ ಟಿ-ಶರ್ಟಿನ ಮೇಲೆ ಆ ಸ್ಪೆಲ್ಲಿಂಗ್ ಹೇಗೆ ಬಂತು? ಎಷ್ಟು ಸಲ ನೋಡಿದ್ದೆ ಆ ಸಾಲನ್ನು, ಫೋಟೋದಲ್ಲಿ, ಕೈಯಲ್ಲಿ, ಕನ್ನಡಿಯಲ್ಲಿ. ಕನ್ನಡದಲ್ಲಿ ಹುಟ್ಟಿನಿಂದ ಬೆಂಗಳೂರು ಅಂತಲೇ ಓದಿದ ಕಣ್ಣಿಗೆ ಅದರಲ್ಲಿ ಏನೂ ತಪ್ಪು ಕಾಣಲೇ ಇಲ್ಲ.

ಅಣ್ಣ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ಹೋಗ್ಲಿ ಬಿಡೋ, ಬಟ್ಟೆ ಚೆನ್ನಾಗಿದೆ” ಅಂದ. ನಿಂದೆಲ್ಲಿ ಅಂತ ಕೇಳಿದರೆ, ಅವನದ್ದು ಮೈದಾನದ ಗೇಟಿನ ಹೊರಗೆ ಕೊಂಡ ಅಗ್ಗದ ಮಾಲಂತೆ, ಅತ್ತಿಗೆ ಯಾವತ್ತೋ ಬೈಕ್ ಒರೆಸೋಕೆ ಹಾಕಿದ್ದಾರೆ. ಈಗಲೂ ಒಂದು ತುಂಡು ಸೀಟಿನ ಕೆಳಗಿದೆ.

ಮನೆಗೆ ಬಂದು ಮಾರಿದವನಿಗೆ ಮೆಸೇಜ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಓದಿ. ಮೊದಲನೆಯದು: “ನಾವು ಕನ್ನಡದವರು ಬ್ರೋ, ಬೆಂಗಳೂರು ಅಂತಲೇ ಬರೀಬೇಕು ಅಲ್ವಾ?” ನೋಡಿ ಇವನ ಧೈರ್ಯ! ನನ್ನ ಭಾಷೆಯನ್ನೇ ನನ್ನ ಬಾಯಿಗೆ ತುರುಕಿದ. ‘ಬರೀಬೇಕು’ ಅಂದ್ರೆ ಬರೆದದ್ದು ನೀನೇ ಅಂತ ಆಯ್ತಲ್ಲಪ್ಪಾ ಅಂದೆ. ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ಬ್ರೋ ಹೋಗಿ ಸರ್ ಬಂತು. “ಸರ್, ನಾವು ಒರಿಜಿನಲ್ ಅಂತ ಎಲ್ಲೂ ಹೇಳಿಲ್ಲ, ವಿಂಟೇಜ್ ಸ್ಟೈಲ್ ಅಂದಿದ್ದೀವಿ.” ಪೋಸ್ಟ್ ತೆಗೆದು ನೋಡಿದರೆ, ಅಷ್ಟರಲ್ಲೇ ಬದಲಾಯಿಸಿದ್ದಾನೆ, ‘ಒರಿಜಿನಲ್’ ಇದ್ದ ಜಾಗದಲ್ಲಿ ‘ವಿಂಟೇಜ್ ಸ್ಟೈಲ್’. ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇಲ್ಲ. ಯಾಕೆ ತೆಗೆಯುತ್ತೇನೆ, ಮದುವೆ ಗಂಡಿನ ಹಾಗೆ ಖುಷಿಯಲ್ಲಿದ್ದೆ. ದುಡ್ಡು ವಾಪಸ್ ಕೊಡಿ ಅಂದೆ. “ಹಾಕ್ಕೊಂಡು ಓಡಾಡಿದ ಬಟ್ಟೆ ವಾಪಸ್ ತಗೊಳ್ಳಲ್ಲ ಸರ್.” ಹಳೇ ಬಟ್ಟೆ ಅಂತ ಮಾರಿದವನು ಹೇಳಿದ್ದು ಇದು! ಕೊನೆಗೆ ಒಂದು: “ನಿಮಗೆ ಟಿ-ಶರ್ಟ್ ಬೇಕಿತ್ತೋ ಸ್ಪೆಲ್ಲಿಂಗ್ ಬೇಕಿತ್ತೋ?” ಅಷ್ಟೇ, ಬ್ಲಾಕ್.

ಅವತ್ತು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಇಟ್ಟುಕೊಂಡು ನೋಡಿದೆ. ಆ ಬಿರುಕುಗಳಿವೆಯಲ್ಲ, ಅವು ಬಿರುಕೇ ಅಲ್ಲ. ಹಳೇ ಸ್ಕ್ರೀನ್ ಪ್ರಿಂಟ್ ನಿಜವಾಗಿ ಒಡೆದಿದ್ದರೆ ಉಗುರಿಗೆ ತಗಲುತ್ತೆ, ಬಟ್ಟೆ ಎಳೆದರೆ ಬಾಯಿ ಬಿಡುತ್ತೆ. ಇದು ನುಣ್ಣಗಿದೆ. ಬಿರುಕಿನ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಮಾಡಿ ಚಿತ್ರದ ಜೊತೆಗೇ ಪ್ರಿಂಟ್ ಹಾಕಿದ್ದಾನೆ. ಕಾಲರಿನ ಹರುಕಂತೂ ಬ್ಲೇಡಿನದ್ದು, ನೇರ ಗೆರೆ.

1915, ಅದೇ ಗ್ರಾಹಕರ ಸಹಾಯವಾಣಿ, ಅಲ್ಲಿ ದೂರು ಬರೆಸಿದ್ದೇನೆ. ನೋಡೋಣ.

ನಿಮಗೆ ಹೇಳೋದಿಷ್ಟು. ದುಡ್ಡು ಹಾಕುವ ಮುಂಚೆ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಪ್ರಿಂಟಿನ ಮೇಲೆ ಉಗುರು ಎಳೆಯುವ ವಿಡಿಯೋ ಕೇಳಿ, ಬಿಸಿಲಲ್ಲಿ ತೆಗೆದದ್ದು. ಕೊಡಲ್ಲ ಅಂದ್ರೆ ಬೇಡ ಅನ್ನಿ. ‘ಗೊತ್ತಿರೋರಿಗೆ ಗೊತ್ತಾಗುತ್ತೆ’ ಅಂತ ಯಾರಾದ್ರೂ ಹೊಗಳಿದರೆ ಫೋನ್ ಮುಚ್ಚಿಟ್ಟು ಒಂದು ಕಾಫಿ ಕುಡಿದು ಬನ್ನಿ.

ಇದನ್ನು ಇವತ್ತೇ ಬರೆಯೋಕೆ ಕಾರಣ ಬೇರೆ. ನಿನ್ನೆ ತಮ್ಮನ ಫೋನಿನಿಂದ ಆ ಪೇಜ್ ನೋಡಿದೆ. ಮತ್ತೆ ಹಾಕಿದ್ದಾನೆ, ‘ಒರಿಜಿನಲ್ 2007, ಒಂದೇ ಪೀಸ್’, ಈ ಸಲ 7,500. ಬೆನ್ನಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಬಿ, ಎ, ಎನ್, ಜಿ, ಎ, ಎಲ್, ಒ, ಆರ್, ಇ. ಸರಿಮಾಡಿಕೊಂಡಿದ್ದಾನೆ, ನನ್ನ ದೂರು ಓದಿ! ಹಾಗಾಗಿ ಸ್ಪೆಲ್ಲಿಂಗ್ ನೋಡಿ ಇನ್ನು ಹಿಡಿಯೋಕಾಗಲ್ಲ. ಬಿರುಕು ಮಾತ್ರ ಬದಲಾಯಿಸಿಲ್ಲ. ಎಡ್ಡಿಯ ಎಡಗಣ್ಣಿನ ಕೆಳಗಿಂದ ಗಲ್ಲದವರೆಗೆ ಒಂದು ಉದ್ದ ಬಿರುಕು, ತುದಿಯಲ್ಲಿ ಎರಡಾಗಿ ಕವಲೊಡೆದಿದೆ. ನನ್ನ ಬೀರುವಿನಲ್ಲಿರುವುದರಲ್ಲೂ ಅದೇ ಬಿರುಕು, ಅದೇ ಕವಲು.